ಮಗುವಿನ ತೂಕವಷ್ಟೇ ಅಲ್ಲ, ದಮ್ಮು ನೋಡಿರಿ

(ಬೈಲಹೊಂಗಲ, ಕಿತ್ತೂರ, ಸವದತ್ತಿ ಮತ್ತು ರಾಮದುರ್ಗ ಭಾಗದ ಹಳ್ಳಿಗಳ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿ ಸಿಂಪಡಿಸುವುದು ಇವುಗಳ ವಿಷಯ ಹೇಳಲು ಬರುವ ಗ್ರಾಮಸೇವಕ ಇಂದು ಮಕ್ಕಳ ಮೈಕಟ್ಟಿನ ವಿಷಯ ಯಾಕೆ ತೆಗೆದ ಎಂದು ನಿಮಗೆ ಅನ್ನಿಸಬಹುದು. ನಾನು ಡಾಕ್ಟರನಲ್ಲ, ಕೃಷಿ ಡಿಪ್ಲೊಮಾ ಕಲಿತವನು. ಆದರೆ ಹೊಲ ಸುಧಾರಿಸಿ, ಆ ಹೊಲ ನೋಡಿಕೊಳ್ಳಬೇಕಾದ ಮಗ ಇಪ್ಪತ್ತೈದರ ವಯಸ್ಸಿಗೆ ನಾಲ್ಕು ಹೆಜ್ಜೆ ನಡೆದು ತೇಕುವಂತಾದರೆ ಆ ಸುಧಾರಣೆ ಯಾರ ಸಲುವಾಗಿ? ಆದುದರಿಂದ ಬೆಳೆಯ ಮಾತನ್ನು ಇವತ್ತೊಂದು ದಿನ ಬದಿಗಿಟ್ಟು ಮನೆಯ ಬೆಳೆಯ ಮಾತು ಆಡೋಣ.

ನಾನು ಹೇಳುವ ಮುಖ್ಯ ಮಾತು ಒಂದೇ. ಮೈ ಭಾರವಾದ ಮಗುವಿಗೆ ಬೈಗಳೂ ಬೇಡ, ಉಪವಾಸವೂ ಬೇಡ. ಅದಕ್ಕೆ ಬೇಕಾದದ್ದು ದಮ್ಮು. ದಮ್ಮನ್ನು ಬೆಳೆಸಬಹುದು; ಹೊಲದಲ್ಲಿ ಒಂದು ಬೆಳೆ ಬರುವಷ್ಟು ದಿನಗಳಲ್ಲಿಯೇ ಅದು ಕಣ್ಣಿಗೆ ಕಾಣುವ ಹಾಗೆ ಬೆಳೆಯುತ್ತದೆ.

ನಮ್ಮ ಭಾಗದಲ್ಲಿ ಬದಲಾದದ್ದೇನು?

ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳಿಗೆ ವ್ಯಾಯಾಮ ಎಂಬ ಬೇರೆ ಪಾಠ ಬೇಕಿರಲಿಲ್ಲ. ಶಾಲೆಗೆ ನಡೆದು ಹೋಗುವುದು, ದನ ಹೊಡೆದುಕೊಂಡು ಅಡವಿಗೆ ಹೋಗುವುದು, ಬಾವಿಯ ನೀರು ಸೇದುವುದು, ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯುವುದು, ಇವೇ ವ್ಯಾಯಾಮ. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿದರೆ ಹಿರಿಯರು ಒಳಗೆ, ಹುಡುಗರು ಚಕ್ಕಡಿಯ ಹಿಂದೆ ನಡಿಗೆಯ ಮೇಲೆ. ಸಂಜೆಯಾದರೆ ಹುತುತು, ಲಗೋರಿ, ಚಿಣಿಫಣಿ. ಸೆಖೆಯ ದಿನಗಳಲ್ಲಿ ಬಾವಿಯ ಈಜು.

1970ರ ದಶಕದಲ್ಲಿ ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಆಣೆಕಟ್ಟು ಆಯಿತು. ಮುಂದಿನ ವರ್ಷಗಳಲ್ಲಿ ನೀರಾವರಿ ಹೆಚ್ಚಿತು, ಕಬ್ಬು ಬಂತು, ಟ್ರ್ಯಾಕ್ಟರ ಬಂತು, ಮನೆಗೆ ನಳ ಬಂತು, ಮೋಟಾರ ಸೈಕಲ್ಲು ಬಂತು, ಶಾಲೆಯ ಬಸ್ಸು ಓಣಿಯ ಬಾಯಿಗೆ ಬಂದು ನಿಂತಿತು. ಇವೆಲ್ಲ ಬೇಕಾದವೇ, ತಾಯಿಯ ತಲೆಯ ಮೇಲಿನ ಕೊಡ ಇಳಿದದ್ದು ಒಳ್ಳೆಯದೇ ಆಯಿತು. ಆದರೆ ಕೆಲಸ ಹೋದಾಗ ಅದರ ಜೊತೆಗಿದ್ದ ಓಡಾಟವೂ ಸದ್ದಿಲ್ಲದೆ ಹೋಯಿತು. ಆ ಜಾಗದಲ್ಲಿ ಮೊಬೈಲು ಬಂದು ಕುಳಿತಿತು. ಅಂಗಡಿಯಲ್ಲಿ ಐದು ರೂಪಾಯಿಯ ಪಾಕೀಟು ತಿಂಡಿ ತೋರಣದ ಹಾಗೆ ತೂಗಾಡಹತ್ತಿತು. ಬೈಲಹೊಂಗಲದ ಪೇಟೆಯ ಮಗುವಾಗಲಿ, ರಾಮದುರ್ಗದ ನೇಕಾರರ ಓಣಿಯ ಮಗುವಾಗಲಿ, ಕಿತ್ತೂರ ಸೀಮೆಯ ಒಕ್ಕಲುತನದ ಮನೆಯ ಮಗುವಾಗಲಿ, ಶಾಲೆಯಲ್ಲಿ ಕುಳಿತು, ಬಸ್ಸಿನಲ್ಲಿ ಕುಳಿತು, ಟ್ಯೂಷನ್ನಿನಲ್ಲಿ ಕುಳಿತು, ಮನೆಗೆ ಬಂದು ಮತ್ತೆ ಕುಳಿತೇ ದಿನ ಕಳೆಯುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದು ದುಡ್ಡಿನ ಮಾತು. ಈಗ ಅದು ಮೈಯ ಮಾತೂ ಆಗಿದೆ.

ಅಂಕಿಗಳು ಹೇಳುವುದೇನು?

ನಮ್ಮ ದೇಶದ ಮಕ್ಕಳಲ್ಲಿ ಹೆಚ್ಚಿನವರ ತೊಂದರೆ ಇಂದಿಗೂ ದಪ್ಪವಲ್ಲ, ಸೊರಗು. ಇದನ್ನು ಮೊದಲು ನೆನಪಿಡಬೇಕು. ಕೇಂದ್ರ ಸರಕಾರ 2016ರಿಂದ 2018ರವರೆಗೆ ಮಕ್ಕಳ ಪೋಷಣೆಯ ಸಮೀಕ್ಷೆ ನಡೆಸಿತು. ಅದರಲ್ಲಿ 10ರಿಂದ 19 ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ 24 ಮಂದಿ ತೀರ ಬಡಕಲು, ನೂರಕ್ಕೆ 5 ಮಂದಿ ಮಿತಿಮೀರಿದ ತೂಕದವರು ಎಂದು ಕಂಡಿತು. ಐದು ಎಂದರೆ ಕಡಿಮೆ ಎಂದು ಸುಮ್ಮನಿರಲಾಗದು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 10 ಮಕ್ಕಳು ಸಕ್ಕರೆ ರೋಗದ ಹೊಸ್ತಿಲಿಗೆ ಬಂದು ನಿಂತಿದ್ದರು. ಹಾಗೆಂದರೆ ನೋಡಲು ದಪ್ಪವಲ್ಲದ ಮಕ್ಕಳಲ್ಲಿಯೂ ಒಳಗಿಂದೊಳಗೆ ಕೆಡುಕು ನಡೆದಿದೆ.

ಐದು ವರ್ಷದೊಳಗಿನ ಕೂಸುಗಳಲ್ಲಿ ಹೆಚ್ಚು ತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರ ಹೊತ್ತಿಗೆ 3.4ಕ್ಕೆ ಏರಿತು. ಇಡೀ ಜಗತ್ತಿನಲ್ಲಿ 5ರಿಂದ 19 ವಯಸ್ಸಿನವರ ಪೈಕಿ 1990ರಲ್ಲಿ ನೂರಕ್ಕೆ 8 ಮಂದಿ ಹೆಚ್ಚು ತೂಕದವರಿದ್ದರು. 2022ರಲ್ಲಿ ಅವರು 20 ಆದರು.

ನಮ್ಮ ಕರ್ನಾಟಕದ್ದೇ ಒಂದು ಮಾತು ಕೇಳಿರಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಅಲ್ಲಿಯ ಸಂಶೋಧಕರು ವರ್ಷಾನುವರ್ಷ ಬೆನ್ನುಹತ್ತಿ ಪರೀಕ್ಷಿಸಿದರು. ಬಸುರಿಯಲ್ಲಿ ಸಕ್ಕರೆ ರೋಗ ಕಂಡ ತಾಯಂದಿರ ಮಕ್ಕಳ ಮೈಯಲ್ಲಿ ಒಂಬತ್ತು-ಹತ್ತು ವರ್ಷದ ಹೊತ್ತಿಗೆ ಬೊಜ್ಜು ಹೆಚ್ಚಿತ್ತು. ಆದುದರಿಂದ ಇದು ಮಗುವಿನ ಬಾಯಿಚಪಲದ ಫಲ ಮಾತ್ರವೆಂದು ತಿಳಿಯಬಾರದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ: ಟಿ.ವಿ. ಹೆಚ್ಚು ನೋಡುವ ಮತ್ತು ನಿದ್ದೆ ಕಡಿಮೆ ಮಾಡುವ ಮಕ್ಕಳಲ್ಲಿ ತೂಕ ಹೆಚ್ಚಿತ್ತು.

ದಮ್ಮು ಎಂದರೇನು?

ನಮ್ಮಲ್ಲಿ ಉಬ್ಬಸದ ರೋಗಕ್ಕೂ ದಮ್ಮು ಎನ್ನುತ್ತಾರೆ. ನಾನು ಹೇಳುವುದು ಆ ರೋಗವನ್ನಲ್ಲ. ಹುತುತು ಆಡುವವನಿಗೆ "ದಮ್ಮು ಅದ" ಎನ್ನುತ್ತೇವಲ್ಲ, ಆ ಕಸುವನ್ನು. ಡಾಕ್ಟರರು ಇದನ್ನು ಏರೋಬಿಕ್ ಫಿಟ್‌ನೆಸ್ ಎಂದು ಕರೆಯುತ್ತಾರೆ.

ನಿಮ್ಮ ಪಂಪುಸೆಟ್ಟಿನ ಲೆಕ್ಕದಿಂದ ಇದನ್ನು ತಿಳಿದುಕೊಳ್ಳಬಹುದು. ನಾವು ಎಳೆದುಕೊಂಡ ಉಸಿರಿನಲ್ಲಿಯ ಆಮ್ಲಜನಕ ಶ್ವಾಸಕೋಶದಲ್ಲಿ ರಕ್ತಕ್ಕೆ ಸೇರುತ್ತದೆ. ಹೃದಯವೆಂಬ ಪಂಪು ಆ ರಕ್ತವನ್ನು ನಾಳಗಳ ಮೂಲಕ ಕೈಕಾಲಿನ ಮಾಂಸಖಂಡಗಳಿಗೆ ಹಾಯಿಸುತ್ತದೆ. ಮಾಂಸಖಂಡ ಅದನ್ನು ಹೀರಿಕೊಂಡು ಅನ್ನದ ಸತ್ವವನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಬಾವಿ, ಪಂಪು, ಪೈಪು, ಮಡಿ ಈ ನಾಲ್ಕೂ ನೆಟ್ಟಗಿದ್ದರೆ ಪೈರು ನಗುತ್ತದೆ. ಹಾಗೆಯೇ ಶ್ವಾಸಕೋಶ, ಹೃದಯ, ರಕ್ತನಾಳ, ಮಾಂಸಖಂಡ ನಾಲ್ಕೂ ಕೂಡಿ ಎಷ್ಟು ಹೊತ್ತು, ಎಷ್ಟು ಜೋರಿನ ಕೆಲಸ ಮಾಡಬಲ್ಲವೋ ಅದೇ ದಮ್ಮು.

ದಿನವೂ ಆಡಿದರೆ ಈ ನಾಲ್ಕೂ ಬಲಿಯುತ್ತವೆ. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಮಾಂಸಖಂಡದೊಳಗೆ ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಕವಲೊಡೆಯುತ್ತವೆ. ದುಡಿಯುವ ಮಾಂಸಖಂಡ ರಕ್ತದಲ್ಲಿಯ ಸಕ್ಕರೆಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಎಂಬ ರಸದ ಮೇಲಿನ ಹೊರೆ ಇಳಿಯುತ್ತದೆ. ಸಕ್ಕರೆ ರೋಗವನ್ನು ದೂರವಿಡುವ ಗುಟ್ಟು ಇಲ್ಲಿದೆ.

ದಪ್ಪ ಮಗು ಯಾಕೆ ಬೇಗ ತೇಕುತ್ತದೆ?

ದಪ್ಪ ಹುಡುಗನ ಎದೆ ಸೊರಗಿದೆ ಎಂದು ಜನ ತಿಳಿಯುತ್ತಾರೆ. ಬಹಳ ಮಾಡಿ ಅದು ಹಾಗಲ್ಲ. ಅವನ ಹೃದಯವೂ ಶ್ವಾಸಕೋಶವೂ ಒಟ್ಟಿನಲ್ಲಿ ಬಳಸುವ ಆಮ್ಲಜನಕ ಅದೇ ವಯಸ್ಸಿನ ತೆಳು ಹುಡುಗನಷ್ಟೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಇರುತ್ತದೆ. ಆದರೆ ಅದನ್ನು ಹೆಚ್ಚಿನ ತೂಕಕ್ಕೆ ಹಂಚಬೇಕು. ಒಂದೇ ಜಾತಿಯ, ಒಂದೇ ಬಲದ ಎರಡು ಜೋಡಿ ಎತ್ತು ಇವೆ. ಒಂದು ಚಕ್ಕಡಿಯಲ್ಲಿ ಹತ್ತು ಚೀಲ, ಇನ್ನೊಂದರಲ್ಲಿ ಹದಿನೈದು. ಏರಿನಲ್ಲಿ ಯಾವ ಎತ್ತು ಮೊದಲು ನೊರೆ ಕಾರುತ್ತದೆ? ಹದಿನೈದು ಚೀಲ ಎಳೆದ ಎತ್ತಿಗೆ ನೀವು ಸೋಮಾರಿ ಎಂದು ಬಾರುಕೋಲು ಎತ್ತುತ್ತೀರಾ? ಮಗುವಿಗೆ ಮಾತ್ರ ಎತ್ತುತ್ತೇವೆ.

ಇನ್ನು ಮುಂದಿನ ಕಥೆ ನೀವು ಶಾಲೆಯ ಬಯಲಿನಲ್ಲಿ ನೋಡಿಯೇ ಇರುತ್ತೀರಿ. ಹುತುತು ಆಟಕ್ಕೆ ಹುಡುಗರು ಎರಡು ಪಾಳಿ ಆರಿಸುತ್ತಾರೆ. ದಪ್ಪ ಹುಡುಗನನ್ನು ಎಲ್ಲರಿಗಿಂತ ಕೊನೆಗೆ ಕರೆಯುತ್ತಾರೆ, ಇಲ್ಲವೆ ಕರೆಯುವುದೇ ಇಲ್ಲ. ಅವನಿಗೆ ಉಳಿಯುವ ಕೆಲಸ ಉಳಿದವರ ಅಂಗಿ, ಚಪ್ಪಲಿ ಕಾಯುವುದು. "ಡುಮ್ಮ್ಯಾ" ಎಂಬ ಹೆಸರು ಬೀಳುತ್ತದೆ. ನಾಳೆಯಿಂದ ಅವನು ಹೊಟ್ಟೆನೋವು ಎಂದು ಹೇಳಿ ಬಯಲಿಗೇ ಬರುವುದಿಲ್ಲ. ಆಡದವನ ದಮ್ಮು ಇನ್ನೂ ಇಳಿಯುತ್ತದೆ. ದಮ್ಮು ಇಳಿದವನನ್ನು ಮತ್ತಷ್ಟು ಹೊರಗೆ ನಿಲ್ಲಿಸುತ್ತಾರೆ. ಹೀಗೆ ಗಾಣದ ಎತ್ತಿನ ಹಾಗೆ ಅಲ್ಲಲ್ಲಿಯೇ ಸುತ್ತು. ಈ ಸುತ್ತನ್ನು ಮುರಿಯಬೇಕಾದವರು ಮಕ್ಕಳಲ್ಲ, ನಾವು.

ಗೇಲಿಯಿಂದ ಯಾವ ಮಗುವೂ ತೆಳ್ಳಗಾಗಿಲ್ಲ. ಮನೆಯಲ್ಲಿ ಅಜ್ಜ, ಅಜ್ಜಿ, ಸೋದರಮಾವ ಯಾರೇ ಆಗಲಿ, ತಮಾಷೆಗಾಗಿಯಾದರೂ ಅಂಥ ಹೆಸರಿನಿಂದ ಕರೆಯಬಾರದು. ಮೊದಲು ಕೀಳಬೇಕಾದ ಕಸ ಇದು.

ತೂಕ ಇಳಿಯದಿದ್ದರೂ ಲಾಭವುಂಟು

ಲಂಡನ್ ಪಟ್ಟಣದಲ್ಲಿ ಜೆರೆಮಿ ಮಾರಿಸ್ ಎಂಬ ಡಾಕ್ಟರರು ಎರಡು ಅಂತಸ್ತಿನ ಬಸ್ಸುಗಳ ಡ್ರೈವರರನ್ನೂ ಕಂಡಕ್ಟರರನ್ನೂ ಹೋಲಿಸಿ ನೋಡಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಊರು. ಕುಳಿತೇ ಇರುವ ಡ್ರೈವರರಿಗೆ ಹೃದಯದ ಬೇನೆ ಹೆಚ್ಚು. ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗೆ ಕಡಿಮೆ. ಮೈ ಆಡಿಸುವುದಕ್ಕೂ ಎದೆಯ ಆರೋಗ್ಯಕ್ಕೂ ಇರುವ ನಂಟನ್ನು ಜಗತ್ತು ಗಮನಿಸಿದ್ದು ಅಲ್ಲಿಂದ.

ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವನ್ನೂ ಹೇಳುತ್ತೇನೆ. ಅಮೇರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ಊರಿನಲ್ಲಿ ಹೆಚ್ಚು ತೂಕವಿದ್ದ, 7ರಿಂದ 11 ವಯಸ್ಸಿನ 222 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 20 ನಿಮಿಷ, ಇನ್ನೊಂದು 40 ನಿಮಿಷ, ವಾರಕ್ಕೆ 5 ದಿನ, ಸುಮಾರು 13 ವಾರ ಜೋರಾಗಿ ಓಡಾಡುವ ಆಟ ಆಡಿತು. ಮೂರನೆಯದು ಎಂದಿನಂತೆ ಇತ್ತು. ಊಟ ಕಡಿಮೆ ಮಾಡಿಸಲಿಲ್ಲ. ಸೋಲು-ಗೆಲುವಿಗಿಂತ ಆಟದ ಖುಷಿಗೆ ಬೆಲೆ ಕೊಟ್ಟರು. 2012ರಲ್ಲಿ ಹೊರಬಿದ್ದ ಫಲಿತಾಂಶ ಹೀಗಿತ್ತು: ಆಡಿದ ಎರಡೂ ಗುಂಪಿನವರ ದಮ್ಮು ಹೆಚ್ಚಿತು, ಸಕ್ಕರೆ ರೋಗದ ಭಯ ಇಳಿಯಿತು. 40 ನಿಮಿಷ ಆಡಿದವರಿಗೆ ಲಾಭ ಇನ್ನೂ ಹೆಚ್ಚು.

ಆದುದರಿಂದ ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಬೇಸರ ಪಡಬೇಡಿರಿ. ಬೆಳೆಯುವ ಮಗುವಿಗೆ ತೂಕ ಇಳಿಯಲೇಬೇಕೆಂದಿಲ್ಲ. ಎಷ್ಟೋ ಮಕ್ಕಳಿಗೆ ತೂಕ ಇದ್ದಲ್ಲಿಯೇ ನಿಂತು ಎತ್ತರ ಬೆಳೆದರೆ ಸಾಕು, ಮೈ ತಾನೇ ಹದಕ್ಕೆ ಬರುತ್ತದೆ.

ಮನೆಯಲ್ಲಿಯೇ ಎರಡು ಅಳತೆ

ಮೊದಲನೆಯದು ದಾರದ ಅಳತೆ. ಐದು ವರ್ಷ ದಾಟಿದ ಮಗುವನ್ನು ಗೋಡೆಗೆ ಆತು ನಿಲ್ಲಿಸಿ ಅದರ ಎತ್ತರದಷ್ಟು ದಾರ ಕತ್ತರಿಸಿರಿ. ಆ ದಾರವನ್ನು ಸರಿಯಾಗಿ ಅರ್ಧಕ್ಕೆ ಮಡಿಸಿರಿ. ಮಗು ಉಸಿರು ಬಿಟ್ಟು ನಿಂತಾಗ, ಪಕ್ಕೆಲುಬಿನ ಕೆಳತುದಿಗೂ ಸೊಂಟದ ಎಲುಬಿಗೂ ನಡುವೆ ಹೊಟ್ಟೆಯ ಸುತ್ತ ಅದನ್ನು ಸುತ್ತಿರಿ. ತುದಿಗೆ ತುದಿ ಕೂಡಿದರೆ ಚಿಂತೆಯಿಲ್ಲ. ಕೂಡದಿದ್ದರೆ ಹೊಟ್ಟೆಯಲ್ಲಿ ಬೊಜ್ಜು ಹೆಚ್ಚಾಗಿದೆ ಎಂದು ತಿಳಿದು ಆಸ್ಪತ್ರೆಯಲ್ಲಿ ತೋರಿಸಿರಿ. ಮಕ್ಕಳ ತೂಕ ಸರಿಯೋ ತಪ್ಪೋ ಎಂಬುದನ್ನು ವಯಸ್ಸು, ಎತ್ತರ ನೋಡಿ ಡಾಕ್ಟರರೇ ನಿಶ್ಚಯಿಸಬೇಕು.

ಎರಡನೆಯದು 600 ಮೀಟರಿನ ಅಳತೆ. ಖೇಲೋ ಇಂಡಿಯಾ ಯೋಜನೆಯವರು ದೊಡ್ಡ ಇಯತ್ತೆಯ ಶಾಲಾ ಮಕ್ಕಳಿಗೆ ಇಟ್ಟ ಪರೀಕ್ಷೆಗಳಲ್ಲಿ ಇದೂ ಒಂದು. ಹಗ್ಗ ಹಿಡಿದು ಬಯಲಿನಲ್ಲಿ 200 ಮೀಟರಿನ ಸುತ್ತು ಗುರುತು ಮಾಡಿರಿ. ಮಗು ಮೂರು ಸುತ್ತು ಹಾಕಲಿ. ಓಡಲಿ, ದಣಿದರೆ ನಡೆಯಲಿ. ಹಿಡಿದ ನಿಮಿಷ, ಸೆಕೆಂಡು ಬರೆದಿಡಿರಿ. ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ಒಂದು ಕಟ್ಟುನಿಟ್ಟು ಇರಲಿ: ಈ ಅಂಕಿಯನ್ನು ಪಕ್ಕದ ಮನೆಯ ಹುಡುಗನ ಅಂಕಿಯ ಜೊತೆ ಹೋಲಿಸಕೂಡದು. ಕಳೆದ ತಿಂಗಳಿನ ತನ್ನ ಅಂಕಿಯೇ ಅವನ ಎದುರಾಳಿ.

ಹನ್ನೆರಡು ವಾರದ ಕ್ರಮ

ಹೊಸ ಹೋರಿಯನ್ನು ಯಾವ ರೈತನೂ ಮೊದಲ ದಿನವೇ ನೇಗಿಲಿಗೆ ಹೂಡುವುದಿಲ್ಲ. ಬರಿಯ ನೊಗ ಹೊರಿಸುತ್ತಾನೆ, ಆಮೇಲೆ ಕೊರಡು ಎಳೆಸುತ್ತಾನೆ, ಆಮೇಲೆ ಕುಂಟೆ, ಕಡೆಗೆ ನೇಗಿಲು. ಮಗುವಿಗೂ ಇದೇ ನಿಯಮ.

1ರಿಂದ 3ನೆಯ ವಾರ: ಮುಂಜಾನೆ 15 ನಿಮಿಷ, ಸಂಜೆ 15 ನಿಮಿಷ ಚುರುಕು ನಡಿಗೆ. ತಂದೆಯೋ ತಾಯಿಯೋ ಜೊತೆಗೆ ನಡೆಯಬೇಕು.

4ರಿಂದ 6ನೆಯ ವಾರ: 5 ನಿಮಿಷ ನಡಿಗೆಯಿಂದ ಮೈ ಬೆಚ್ಚಗೆ ಮಾಡಿ, ನಂತರ 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ. ಹೀಗೆ 6 ಸಲ. ಸಂಜೆ ಯಾವುದಾದರೂ ಆಟ 20 ನಿಮಿಷ.

7ರಿಂದ 9ನೆಯ ವಾರ: 2 ನಿಮಿಷ ಓಟ, 1 ನಿಮಿಷ ನಡಿಗೆ, 7 ಸಲ. ಸಂಜೆಯ ಆಟ 30 ನಿಮಿಷ.

10ರಿಂದ 12ನೆಯ ವಾರ: ಎಲ್ಲ ಕೂಡಿ ದಿನಕ್ಕೆ 60 ನಿಮಿಷ. ಅದರಲ್ಲಿ ವಾರಕ್ಕೆ 3 ದಿನವಾದರೂ ಬೆವರು ಹರಿಯುವಷ್ಟು ಜೋರಿನ ಆಟವಿರಲಿ. ಹಗ್ಗ ಜಿಗಿಯುವುದು, ದಂಡ-ಬೈಠಕ್ ಮುಂತಾದ ಎಲುಬು, ಮಾಂಸಖಂಡ ಗಟ್ಟಿಮಾಡುವ ಕಸರತ್ತೂ ಇರಲಿ.

5ರಿಂದ 17 ವಯಸ್ಸಿನ ಎಲ್ಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನು ಒಂದೇ ಸಲ ಮಾಡಬೇಕೆಂದಿಲ್ಲ. ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಜೋರು ಎಷ್ಟಿರಬೇಕೆಂದು ತಿಳಿಯಲು ಯಂತ್ರ ಬೇಡ. ಆಡುತ್ತಿರುವ ಮಗು ಮಾತಾಡಬಲ್ಲದು, ಆದರೆ ಹಾಡಲಾರದು ಎಂದರೆ ಅದು ಮಧ್ಯಮ ಜೋರು. ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾದರೆ ಹೆಚ್ಚಿನ ಜೋರು. ಮಾತೇ ಹೊರಡದಿದ್ದರೆ ಮಿತಿ ಮೀರಿತು, ನಿಧಾನ ಮಾಡಿಸಿರಿ. ಚೈತ್ರ-ವೈಶಾಖದ ಬಿಸಿಲಿನಲ್ಲಿ ಮುಂಜಾನೆ ಮತ್ತು ಸಂಜೆ ಮಾತ್ರ ಆಡಿಸಿರಿ. ನೀರು, ಮಜ್ಜಿಗೆ ಕೊಡಿರಿ.

ಭಾರವಾದ ಮಗುವಿಗೆ ಮೊಣಕಾಲಿನ ಮೇಲೆ ಒತ್ತಡ ಹೆಚ್ಚು. ಅಂಥವರಿಗೆ ಸೈಕಲ್ಲು ಮತ್ತು ಈಜು ಬಹಳ ಹಿತ. ಮೈಯ ಭಾರವನ್ನು ಸೀಟೋ ನೀರೋ ಹೊರುತ್ತದೆ. ಈಜು ಬಲ್ಲ ದೊಡ್ಡವರಿಲ್ಲದೆ ಮಕ್ಕಳನ್ನು ಬಾವಿ, ಕಾಲುವೆ, ಹೊಳೆಗೆ ಎಂದೂ ಕಳಿಸಬಾರದು. 2006-07ರಿಂದ ಕೆಲವು ವರ್ಷ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಿತು. ಅವುಗಳಲ್ಲಿ ಎಷ್ಟೋ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ಟ್ಯೂಬು ಬದಲಿಸಿ, ಎಣ್ಣೆ ಬಿಟ್ಟು ಹೊರಗೆ ತೆಗೆಯಿರಿ.

ಇನ್ನೊಂದು ಮಾತು. ದಪ್ಪ ಹುಡುಗ ಎಲ್ಲ ಆಟಕ್ಕೂ ಬಾರದವನಲ್ಲ. ಹುತುತುವಿನಲ್ಲಿ ದಾಳಿಗೆ ಬಂದವನನ್ನು ಹಿಡಿದು ನಿಲ್ಲಿಸಲು, ಹಗ್ಗ ಜಗ್ಗಾಟದಲ್ಲಿ ಕೊನೆಗೆ ನಿಲ್ಲಲು, ಗರಡಿಯ ಮಣ್ಣಿನಲ್ಲಿ ಕಾಲೂರಿ ನಿಲ್ಲಲು ಅವನೇ ಬೇಕು. ಜಾತ್ರೆಯ ಕುಸ್ತಿಗೆ, ಅಕ್ಟೋಬರ ತಿಂಗಳ ಕಿತ್ತೂರ ಉತ್ಸವಕ್ಕೆ ಮುಗಿಬೀಳುವ ಜನ ನಾವು. ನಮ್ಮೂರಿನ ಗರಡಿಮನೆಗೆ ಬೀಗ ಬಿದ್ದಿದ್ದರೆ ನಾಚಿಕೆ ಯಾರಿಗೆ? ಅವನು ಗೆಲ್ಲಬಲ್ಲ ಆಟದಿಂದ ಆರಂಭ ಮಾಡಿಸಿರಿ. ಓಟ ಹಿಂದಿನಿಂದ ಬರುತ್ತದೆ.

ಹೆಣ್ಣುಮಕ್ಕಳನ್ನು ಮರೆಯಬೇಡಿರಿ

ಹೆಣ್ಣುಮಗು ದೊಡ್ಡವಳಾದಳೆಂದರೆ ಆಟ ಮುಗಿಯಿತು ಎಂದು ನಮ್ಮಲ್ಲಿ ತಿಳಿಯುತ್ತಾರೆ. ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 85, ಹುಡುಗರಲ್ಲಿ ನೂರಕ್ಕೆ 78 ಮಂದಿಗೆ ಸಾಕಷ್ಟು ಓಡಾಟವಿಲ್ಲವೆಂದು 2016ರ ಲೆಕ್ಕ ಹೇಳಿತು. ನಾಳೆ ತಾಯಿಯಾಗುವವಳ ಮೈಯಲ್ಲಿ ಸಕ್ಕರೆ ಹೆಚ್ಚಾದರೆ ಅದು ಮುಂದಿನ ಪೀಳಿಗೆಗೂ ತಾಗುತ್ತದೆ ಎಂಬುದನ್ನು ಮೈಸೂರಿನ ಮಾತಿನಲ್ಲಿ ಆಗಲೇ ಕೇಳಿದಿರಿ.

ನಾಗರಪಂಚಮಿಗೆ ಜೋಕಾಲಿ ಕಟ್ಟಿ ಹೆಣ್ಣುಮಕ್ಕಳನ್ನು ಮುಗಿಲಿಗೆ ಜೀಕಿಸುವ ನಾಡು ನಮ್ಮದು. ಆ ಸಂತೋಷ ವರ್ಷಕ್ಕೆ ಎರಡು ದಿನ ಮಾತ್ರ ಯಾಕೆ? ಖೋಖೋ, ಹಗ್ಗ ಜಿಗಿತ, ಕುಂಟಾಟ, ಲೇಜಿಮು, ಕೋಲಾಟ ಇವೆಲ್ಲ ದಮ್ಮು ಬೆಳೆಸುವ ಆಟಗಳೇ. ಬಯಲಿಗೆ ಕಳಿಸಲು ಅಂಜಿಕೆಯಾದರೆ ನಾಲ್ಕು ಮನೆಯ ತಾಯಂದಿರು ಕೂಡಿ ಒಂದು ಅಂಗಳ ಗೊತ್ತು ಮಾಡಿಕೊಳ್ಳಿರಿ. ಮನೆಗೆಲಸವನ್ನು ಮಗ, ಮಗಳು ಇಬ್ಬರಿಗೂ ಹಂಚಿದರೆ ಮಗಳಿಗೂ ಆಡಲು ಒಂದು ತಾಸು ಸಿಗುತ್ತದೆ.

ಊಟ, ನಿದ್ದೆ, ಮೊಬೈಲು

ಊಟದ ಮಾತು ಚಿಕ್ಕದು. ಮಗುವಿಗೆ ಬೇರೆ ತಾಟು, ಮನೆಯವರಿಗೆ ಬೇರೆ ತಾಟು ಬೇಡ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು ಇದಕ್ಕಿಂತ ಒಳ್ಳೆಯ ಊಟ ಯಾವ ಪೇಟೆಯಲ್ಲಿದೆ? ಶಾಲೆಯ ಬಿಸಿಯೂಟ, ಹಾಲು ತಪ್ಪಿಸಬೇಡಿರಿ. ಕಡಿಮೆ ಮಾಡಬೇಕಾದದ್ದು ಪಾಕೀಟು ತಿಂಡಿ, ದಿನವೂ ಮಿರ್ಚಿಭಜಿ, ನಾಲ್ಕು ಸಲದ ಸಿಹಿ ಚಹಾ ಮತ್ತು ಬಾಟಲಿಯ ಸಿಹಿ ನೀರು. ಅಂಥ 300 ಮಿಲಿ ಲೀಟರಿನ ಬಾಟಲಿಯಲ್ಲಿ ಸುಮಾರು 30 ಗ್ರಾಮು, ಎಂದರೆ ಏಳು ಸಣ್ಣ ಚಮಚೆ ಸಕ್ಕರೆ ಇರುತ್ತದೆ. ಕಬ್ಬು ಬೆಳೆಯುವವರು ನಾವು; ಆದರೂ ಬೆಳೆದದ್ದನ್ನೆಲ್ಲ ಮಗುವಿನ ಹೊಟ್ಟೆಗೇ ಹಾಕಬೇಕೆಂದಿಲ್ಲ.

6ರಿಂದ 12 ವಯಸ್ಸಿನವರಿಗೆ 9ರಿಂದ 12 ತಾಸು, 13ರಿಂದ 18ರವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಮಲಗುವ ಒಂದು ತಾಸು ಮೊದಲು ಮೊಬೈಲು ದೊಡ್ಡವರ ಕೈಗೆ ಬರಲಿ. ಅಪ್ಪ ತಾನು ಮಾತ್ರ ಹಾಸಿಗೆಯಲ್ಲಿ ಅದನ್ನು ನೋಡುತ್ತ ಮಲಗಿದರೆ ಮಗ ಕೇಳುವುದಿಲ್ಲ.

ಡಾಕ್ಟರರಿಗೆ ತೋರಿಸಲೇಬೇಕಾದ ಚಿಹ್ನೆಗಳು

ಆಟ ಶುರುಮಾಡುವ ಮೊದಲು ಇವುಗಳನ್ನು ಗಮನಿಸಿರಿ. ಕತ್ತಿನ ಹಿಂಭಾಗ, ಕಂಕುಳಲ್ಲಿ ತಿಕ್ಕಿ ತೊಳೆದರೂ ಹೋಗದ, ಮಖಮಲ್ಲಿನ ಹಾಗೆ ದಪ್ಪನಾದ ಕಪ್ಪು. ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ ಇರಬಹುದು. ಆಡುವಾಗ ಎದೆನೋವು, ತಲೆ ತಿರುಗಿ ಬೀಳುವುದು. ಸುಮ್ಮನೆ ಕುಳಿತಾಗಲೂ ತೇಕು, ಎದೆಯಲ್ಲಿ ಸಿಳ್ಳು. ರಾತ್ರಿ ಜೋರು ಗೊರಕೆ, ನಡುನಡುವೆ ಉಸಿರು ನಿಂತ ಹಾಗಾಗುವುದು. ಟೊಂಕ ಅಥವಾ ಮೊಣಕಾಲು ನೋವಿನಿಂದ ಕುಂಟುವುದು. ಅತಿ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ. ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಾಲೂಕಾ ಆಸ್ಪತ್ರೆಗಾಗಲಿ ಕರೆದೊಯ್ಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಗುವನ್ನು ತಪ್ಪಿಸದೆ ತೋರಿಸಿರಿ. ಉಬ್ಬಸವಿದ್ದ ಮಗುವೂ ಡಾಕ್ಟರರ ಸಲಹೆಯಂತೆ ಔಷಧಿ ತೆಗೆದುಕೊಂಡು ಆಡಬಹುದು.

ನೀವು ಕೇಳುವ ಮಾತುಗಳು

"ಸಣ್ಣಾವಿದ್ದಾಗ ಗುಂಡಗ ಇದ್ರ ಏನಾತ್ರಿ? ದೊಡ್ಡಾಂವಾದ ಮ್ಯಾಲ ತಾನ ಕರಗತಾನ" ಎಂದು ತಾಯಂದಿರು ಹೇಳುತ್ತಾರೆ. ಅವ್ವಾರ, ಕೆಲವರು ಕರಗುತ್ತಾರೆ ನಿಜ. ಆದರೆ ಹದಿನಾಲ್ಕು ಹದಿನೈದರಲ್ಲಿ ಬೊಜ್ಜು ಇದ್ದವರ ಪೈಕಿ ಹೆಚ್ಚಿನವರು ಮುಂದೆಯೂ ಹಾಗೆಯೇ ಉಳಿಯುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

"ಓಡಿಸಿದರ ಎದಿ ಒಡದೀತೇನೋ" ಎಂಬ ಅಂಜಿಕೆ ಇನ್ನು ಕೆಲವರದು. ಮೇಲಿನ ಚಿಹ್ನೆಗಳಿಲ್ಲದ ಮಗುವನ್ನು ಹಂತಹಂತವಾಗಿ ಆಡಿಸಿದರೆ ಎದೆ ಒಡೆಯುವುದಿಲ್ಲ, ಗಟ್ಟಿಯಾಗುತ್ತದೆ.

"ನಮ್ಮ ವಂಶಾನ ದಪ್ಪ ರೀ ಸಾಹೇಬ್ರ" ಎನ್ನುವವರೂ ಉಂಟು. ಬೀಜದ ಗುಣ ಇರುತ್ತದೆ, ಅಲ್ಲವೆನ್ನುವುದಿಲ್ಲ. ಆದರೆ ಒಂದೇ ತಳಿಯ ಹತ್ತಿ ಒಂದು ಹೊಲದಲ್ಲಿ ಬರಿ ಎಲೆ ಬಿಟ್ಟು ಸೊಕ್ಕುತ್ತದೆ, ಇನ್ನೊಂದು ಹೊಲದಲ್ಲಿ ಕಾಯಿ ಕಟ್ಟುತ್ತದೆ. ಬೀಜ ನಿಮ್ಮ ಕೈಯಲ್ಲಿಲ್ಲ, ಬೇಸಾಯ ನಿಮ್ಮ ಕೈಯಲ್ಲಿದೆ.

"ಹೊಲದಾಗ ದುಡಿಸಿದರ ಸಾಕಲ್ಲರೀ" ಎಂಬುದು ನಾಲ್ಕನೆಯ ಮಾತು. ರಜೆಯ ದಿನ ಮಗು ಹೊಲಕ್ಕೆ ಬಂದು ಸಣ್ಣ ಪುಟ್ಟ ಕೆಲಸಕ್ಕೆ ಕೈ ಹಚ್ಚಲಿ, ಒಳ್ಳೆಯದೇ. ಆದರೆ ಚೀಲ ಹೊರಿಸುವುದು, ಔಷಧಿ ಸಿಂಪಡಿಸಲು ಕಳಿಸುವುದು, ಶಾಲೆ ಬಿಡಿಸುವುದು ಖಂಡಿತ ಕೂಡದು. ಮಗುವಿಗೆ ದುಡಿಮೆ ಬೇಕಿಲ್ಲ, ಆಟ ಬೇಕು.

ಊರು ಮಾಡಬೇಕಾದದ್ದು

ಇದು ಒಬ್ಬ ತಂದೆ ಒಬ್ಬ ತಾಯಿಯಿಂದ ಆಗುವ ಕೆಲಸವಲ್ಲ. ಶಾಲೆಯ ಬಯಲಿನಲ್ಲಿ ಕಣಿಕೆಯ ಬಣವೆ, ಟ್ರ್ಯಾಕ್ಟರ, ಕಲ್ಲು, ಉಸುಕು ಇದ್ದರೆ ಮೊದಲು ತೆರವು ಮಾಡಿಸಿರಿ. ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯತಿ, ಮಾಸ್ತರರು ಮತ್ತು ತರುಣ ಸಂಘದವರು ಕೂಡಿ ಕುಳಿತು ಸಂಜೆ 5ರಿಂದ 6ರವರೆಗಿನ ತಾಸನ್ನು ಊರಿನ ಆಟದ ತಾಸು ಎಂದು ಗೊತ್ತುಮಾಡಲಿ. ಆ ತಾಸಿನಲ್ಲಿ ಟ್ಯೂಷನ್ನಿಲ್ಲ, ಟಿ.ವಿ. ಇಲ್ಲ. ಪಾಳಿ ಆರಿಸುವ ಕೆಲಸ ಹುಡುಗರಿಗೆ ಬಿಡದೆ ಚೀಟಿ ಎತ್ತಿಸಿರಿ. ಹಾಗೆ ಮಾಡಿದರೆ ಯಾರೂ ಕೊನೆಗೆ ಉಳಿಯುವುದಿಲ್ಲ. ಅಂಗಿ, ಚಪ್ಪಲಿ ಕಾಯಲು ಒಂದು ಗೂಟ, ಒಂದು ಗೋಡೆ ಸಾಕು. ಅದಕ್ಕೊಂದು ಮಗು ಬೇಡ. ಬಡಕಲು ಮಗು, ದಪ್ಪ ಮಗು, ಗಂಡು, ಹೆಣ್ಣು, ಎಲ್ಲ ಓಣಿಯವರೂ ಒಂದೇ ಬಯಲಿನಲ್ಲಿ ಬೆವರಲಿ. ಬಡಕಲು ಮಗುವಿಗೆ ಆಟದ ಜೊತೆಗೆ ಒಂದು ರೊಟ್ಟಿ, ಒಂದು ಬಟ್ಟಲು ಕಾಳು ಹೆಚ್ಚು ಕೊಡಿರಿ.

ಖರ್ಚಿನ ಲೆಕ್ಕ ಕೇಳಿದರೆ ಒಂದು ಹಗ್ಗ, ಒಂದು ಚೆಂಡು, ಸುಣ್ಣದ ಒಂದು ಗೆರೆ. ಬೇಕಾದದ್ದು ಮನಸ್ಸು. ಈ ಸಭೆಯಿಂದ ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿರಿ. ಇಂದು ರಾತ್ರಿ ದಾರದಿಂದ ಮಗುವಿನ ನಡು ಅಳೆಯಿರಿ. ನಾಳೆ ಮುಂಜಾನೆ ಅದರ ಕೈಹಿಡಿದು 15 ನಿಮಿಷ ನಡೆಯಿರಿ. ಈ ವಾರದೊಳಗೆ ಶಾಲೆಯ ಬಯಲಿಗೆ ಹೋಗಿ 200 ಮೀಟರಿನ ಸುತ್ತು ಗುರುತು ಮಾಡಿರಿ. ಹನ್ನೆರಡು ವಾರ ಬಿಟ್ಟು ನಿಮ್ಮೂರಿಗೆ ಮತ್ತೆ ಬಂದಾಗ ನಾನು ಯಾವ ಮಗುವಿನ ತೂಕವನ್ನೂ ಕೇಳುವುದಿಲ್ಲ. ಮೂರು ಸುತ್ತಿಗೆ ಹಿಡಿದ ಹೊತ್ತು ಮೊದಲಿಗಿಂತ ಎಷ್ಟು ಇಳಿಯಿತು ಎಂದಷ್ಟೇ ಕೇಳುತ್ತೇನೆ.